ರೊಟ್ಟಿ ಮಷೀನ್ ತಗೊಳ್ಳುವ ಮೊದಲು

ಮೈಸೂರಿನಲ್ಲಿ ಖಡಕ್ ಜೋಳದ ರೊಟ್ಟಿ ಮಾರಿದರೆ ನಡೆಯುತ್ತದಾ ಅಂತ ಯಾರನ್ನು ಕೇಳಿದರೂ ‘ಅಯ್ಯೋ, ಖಂಡಿತ ನಡೆಯುತ್ತೆ, ಶುರು ಮಾಡಿ’ ಅಂತಲೇ ಹೇಳುತ್ತಿದ್ದರು. ಒಬ್ಬರೂ ಬೇಡ ಅನ್ನಲಿಲ್ಲ. ನನಗೆ ಅನುಮಾನ ಬಂದದ್ದೇ ಅದರಿಂದ. ಹೂಂ ಅನ್ನುವುದಕ್ಕೆ ಯಾರಿಗೂ ಖರ್ಚಿಲ್ಲವಲ್ಲ!

ನನ್ನ ತವರು ವಿಜಯಪುರ ಜಿಲ್ಲೆಯ ಸಿಂದಗಿ ಕಡೆ. ಅಲ್ಲಿ ನಮ್ಮ ಚಿಗವ್ವ ಮತ್ತು ಅವರ ಸಂಘದ ಹೆಂಗಸರು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಊರಿಗೆ ಹೋದಾಗಲೆಲ್ಲ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡೇ ಮೈಸೂರಿಗೆ ವಾಪಸ್ ಬರುವುದು ನಮ್ಮ ರೂಢಿ. ಅಕ್ಕಪಕ್ಕದವರಿಗೂ ಕೊಡುತ್ತಿದ್ದೆ. ‘ಇದನ್ನೇ ಯಾಕೆ ಮಾರಬಾರದು’ ಅನ್ನುವ ಮಾತು ಹುಟ್ಟಿದ್ದು ಹಾಗೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲಂತೂ ಪೇಪರ್ ತೆಗೆದರೆ ಜೋಳ, ರಾಗಿ, ನವಣೆಯದೇ ಸುದ್ದಿ. ನಮ್ಮ ಮನೆಯವರು ಆಗಲೇ ರೊಟ್ಟಿ ಮಷೀನಿನ ಕೊಟೇಶನ್ ತರಿಸಿದ್ದರು.

ಮಷೀನಿಗೆ ಆಗ ಸಬ್ಸಿಡಿಯೂ ಇತ್ತು. ಕಿರು ಆಹಾರ ಉದ್ದಿಮೆಗಳಿಗೆ ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಯೋಜನೆ, ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುತ್ತಿದ್ದದ್ದು ಕೆಪೆಕ್, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಕೇಂದ್ರದ್ದು ಶೇ 35, ಅದರ ಮೇಲೆ ಕರ್ನಾಟಕ ಶೇ 15 ಸೇರಿಸಿ ಅರ್ಧಕ್ಕರ್ಧ ಕೊಡುತ್ತಿತ್ತು, 15 ಲಕ್ಷದ ಮಿತಿಯೊಳಗೆ. ಕೇಳೋಕೆ ಚೆನ್ನಾಗಿತ್ತು. ಆದರೆ ಉಳಿದ ಅರ್ಧದಲ್ಲಿ ಹೆಚ್ಚಿನದು ಸಾಲ, ಆ ಸಾಲ ನನ್ನ ಹೆಸರಿನಲ್ಲಿ. ಸಬ್ಸಿಡಿ ಸಿಗುತ್ತದೆ ಅಂತ ಮಷೀನ್ ತಗೊಂಡು ಮೂಲೆಗೆ ಹಾಕಿದವರನ್ನು ನಮ್ಮ ಕಡೆಯೂ ನೋಡಿದ್ದೇನೆ, ಈ ಕಡೆಯೂ ನೋಡಿದ್ದೇನೆ. ಹಾಗಾಗಿ ಕೊಟೇಶನ್ನನ್ನು ಬೀರುವಿನಲ್ಲಿ ಇಟ್ಟೆ. ಮೊದಲು ಮಷೀನಿಲ್ಲದೆ ಮಾರಿ ನೋಡೋಣ, ಜನ ಕೊಳ್ಳುತ್ತಾರಾ ಅಂತ ಗೊತ್ತಾಗಲಿ ಅಂದೆ.

ಶುರು ಮಾಡುವ ಮುಂಚೆ ಎರಡು ಗೆರೆ ಎಳೆದುಕೊಂಡೆ. ಅಡುಗೆಮನೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆದಿಟ್ಟೆ. ಒಂದು, ಈ ಪರೀಕ್ಷೆಯಲ್ಲಿ ಹೋದರೆ ಇಪ್ಪತ್ತು ಸಾವಿರ ಹೋಗಲಿ, ಅದರ ಮೇಲೆ ಒಂದು ರೂಪಾಯಿಯೂ ಬೇಡ. ಎರಡು, ಕೊಂಡವರಲ್ಲಿ ಮೂರರಲ್ಲಿ ಒಂದು ಪಾಲಾದರೂ ನಾನು ಫೋನ್ ಮಾಡದೆ ತಾವಾಗಿ ಮತ್ತೆ ಕೇಳಬೇಕು, ಇಲ್ಲದಿದ್ದರೆ ಬಿಟ್ಟುಬಿಡುವುದು. ಇದನ್ನು ಮೊದಲೇ ಬರೆದಿಡಬೇಕು. ಶುರುವಾದ ಮೇಲೆ ಬರೆದರೆ ನಮ್ಮ ಮನಸ್ಸೇ ನಮಗೆ ಮೋಸ ಮಾಡುತ್ತದೆ. ‘ಇನ್ನೊಂದು ತಿಂಗಳು ನೋಡೋಣ’ ಅಂತ ಎಳೆಯುತ್ತಾ ಹೋಗುತ್ತೇವೆ.

ಕಾಗದದ ಕೆಲಸ ದೊಡ್ಡದೇನಲ್ಲ. ತಿನ್ನುವ ವಸ್ತು ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ ನೂರು ರೂಪಾಯಿ, ಆನ್‌ಲೈನಿನಲ್ಲೇ ಆಯಿತು. ‘ಪರೀಕ್ಷೆ ತಾನೇ’ ಅಂತ ಇದನ್ನು ಬಿಡಬೇಡಿ. ಇನ್ನೊಂದು, ಕವರ್ ಮೇಲೆ ‘ಶುಗರ್ ಇಳಿಸುತ್ತದೆ’ ಅಂತ ಹಾಕಿಸಿ ಅಂತ ಹೇಳಿದವರು ಬಹಳ ಜನ. ಕಾಯಿಲೆ ವಾಸಿಯಾಗುತ್ತದೆ ಅಂತ ಆಹಾರದ ಮೇಲೆ ಬರೆಯುವ ಹಾಗಿಲ್ಲ. ನಾನು ಹಾಕಿಸಲಿಲ್ಲ.

ಮೊದಲ ರುಚಿ ತೋರಿಸಿದ್ದು ಕುಕ್ಕರಹಳ್ಳಿ ಕೆರೆಯ ಹತ್ತಿರ, ಬೆಳಗ್ಗೆ ವಾಕಿಂಗಿಗೆ ಬರುವವರಿಗೆ. ಡಬ್ಬಿಯಲ್ಲಿ ರೊಟ್ಟಿ ಚೂರು, ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ, ಸ್ವಲ್ಪ ಮೊಸರು. ತಿಂದವರೆಲ್ಲ ‘ಸೂಪರ್’ ಅಂದರು. ನಾನು ಪುಸ್ತಕ ತೆಗೆದು, ‘ಹತ್ತು ರೊಟ್ಟಿ ಪ್ಯಾಕೆಟ್ 100 ರೂಪಾಯಿ, ಈಗ ದುಡ್ಡು ಕೊಟ್ಟರೆ ಶನಿವಾರ ಮನೆಗೆ ತಂದುಕೊಡುತ್ತೇನೆ’ ಅಂದ ತಕ್ಷಣ ಮುಖಗಳೇ ಬೇರೆಯಾದವು. ‘ಮನೇಲಿ ಕೇಳಿ ಹೇಳ್ತೀನಮ್ಮ’, ‘ಫೋನ್ ತಂದಿಲ್ಲ’, ‘ನಾಳೆ ಸಿಗ್ತೀರಲ್ವಾ?’ ಅಲ್ಲೇ ಫೋನ್ ತೆಗೆದು ದುಡ್ಡು ಹಾಕಿದವರು ಕೆಲವೇ ಜನ. ನನಗೆ ಬೇಕಾಗಿದ್ದದ್ದು ಅವರ ಹೆಸರುಗಳೇ. ಹೊಗಳಿದವರ ಹೆಸರು ಬರೆದುಕೊಳ್ಳಲಿಲ್ಲ.

ಆಮೇಲೆ ಬಂದ ಫೋನುಗಳಿಂದ ನಾನು ಕಲಿತದ್ದು ಯಾವ ಸಮೀಕ್ಷೆಯಿಂದಲೂ ಸಿಗುತ್ತಿರಲಿಲ್ಲ. ಸರಸ್ವತಿಪುರಂನ ಒಬ್ಬರು ಪ್ಯಾಕೆಟ್ ತಲುಪಿದ ಸಂಜೆಯೇ ಫೋನ್ ಮಾಡಿ, ‘ರೊಟ್ಟಿ ಗಟ್ಟಿಯಾಗಿಬಿಟ್ಟಿದೆಯಲ್ಲ, ಹಳೇದಾ?’ ಅಂತ ಕೇಳಿದರು. ಅವರು ಹುಟ್ಟಿದಾಗಿನಿಂದ ತಿಂದಿರುವುದು ಹಂಚಿನಿಂದ ನೇರ ತಟ್ಟೆಗೆ ಬರುವ ಮೆತ್ತಗಿನ ಅಕ್ಕಿರೊಟ್ಟಿ. ತಿಂಗಳುಗಟ್ಟಲೆ ಇಟ್ಟು, ಮುರಿದು, ಪಲ್ಯದಲ್ಲೋ ಮೊಸರಿನಲ್ಲೋ ಅದ್ದಿ ತಿನ್ನುವ ರೊಟ್ಟಿ ಇದೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ಇನ್ನೊಬ್ಬರು ‘ಇದು ಸಾಂಬಾರಿಗೆ ಹೊಂದುತ್ತಾ?’ ಅಂದರು. ಶುಗರ್ ಇದೆ ಅಂತ ಕೊಂಡವರು ತುಂಬಾ ಜನ ಇದ್ದರು. ಅವರಲ್ಲಿ ಹೆಚ್ಚಿನವರು ಎರಡನೇ ಸಲ ಕೇಳಲಿಲ್ಲ. ವಯಸ್ಸಾದವರಿಗೆ ಹಲ್ಲಿನ ತೊಂದರೆ. ಜೊತೆಗೆ ಮನೆಯಲ್ಲಿ ಎಣ್ಣೆಗಾಯಿಯೂ ಇಲ್ಲ, ಝುಣಕವೂ ಇಲ್ಲ. ರೊಟ್ಟಿ ಒಂದೇ ಏನು ಮಾಡುತ್ತದೆ, ಪಾಪ.

ಮತ್ತೆ ಮತ್ತೆ ಕೇಳಿದವರು ಯಾರು ಗೊತ್ತಾ? ನಮ್ಮ ಕಡೆಯಿಂದ ಬಂದು ರೂಮು, ಪಿಜಿಗಳಲ್ಲಿ ಇರುವ ಹುಡುಗರು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು, ಮಾನಸಗಂಗೋತ್ರಿಯಲ್ಲಿ ಓದುವವರು. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರಿನ ಮಕ್ಕಳು. ಒಬ್ಬನಿಗೆ ಕೊಟ್ಟರೆ ಮರುದಿನ ಅವನ ರೂಮಿನ ಮೂವರು ಫೋನ್ ಮಾಡುತ್ತಿದ್ದರು. ‘ಅಕ್ಕಾರ, ಗುರೆಳ್ಳ ಚಟ್ನಿ ಐತೇನ್ರಿ? ಅಗಸಿ?’ ನಾನು ಲೆಕ್ಕದಲ್ಲಿ ಇಟ್ಟುಕೊಂಡಿದ್ದದ್ದು ಆರೋಗ್ಯದ ಬಗ್ಗೆ ಯೋಚಿಸುವ ಮನೆಗಳನ್ನು. ಗಿರಾಕಿ ಸಿಕ್ಕಿದ್ದು ಊರಿನ ನೆನಪಾಗುವ ಹುಡುಗರಲ್ಲಿ. ಇವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ತಾವಾಗಿ ಮತ್ತೆ ತಗೊಂಡರು. ಮೈಸೂರಿನ ಮನೆಗಳನ್ನು ಮಾತ್ರ ಎಣಿಸಿದ್ದರೆ ನನ್ನ ಗೆರೆಯನ್ನು ಮುಟ್ಟುತ್ತಲೇ ಇರಲಿಲ್ಲ. ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಯಾರು ಕೊಂಡರು, ಎಲ್ಲಿಯವರು, ಏನಕ್ಕೆ ಕೊಂಡರು ಅಂತ ಪ್ರತಿ ಹೆಸರಿನ ಮುಂದೆ ಬರೆಯಿರಿ. ಮೊತ್ತ ನೋಡಿದರೆ ಏನೂ ತಿಳಿಯುವುದಿಲ್ಲ.

ಸಂಕ್ರಾಂತಿ ಹಿಂದಿನ ವಾರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಭಾರಿ ಬೇಡಿಕೆ ಬಂತು. ಆ ವಾರದ ಮಾರಾಟವನ್ನು ಪುಸ್ತಕದಲ್ಲಿ ಬೇರೆ ಪುಟದಲ್ಲಿ ಬರೆದೆ. ಹಬ್ಬಕ್ಕೆ ಏನು ಮಾರಿದರೂ ಹೋಗುತ್ತದೆ, ಅದನ್ನು ಸೇರಿಸಿಕೊಂಡರೆ ಲೆಕ್ಕ ಉಬ್ಬುತ್ತದೆ.

ಈಗ ದುಡ್ಡಿನ ಮಾತು. ಚಿಗವ್ವನಿಗೆ ಒಂದು ರೊಟ್ಟಿಗೆ 6 ರೂಪಾಯಿ ಕೊಡುತ್ತೇನೆ, ಜೋಳ, ಉರುವಲು, ಕೂಲಿ ಎಲ್ಲ ಸೇರಿ. ಹತ್ತಕ್ಕೆ 60. ರಾತ್ರಿ ಬಸ್ಸಿನ ಪಾರ್ಸೆಲ್ ಪ್ಯಾಕೆಟ್ ಲೆಕ್ಕದಲ್ಲಿ 5, ಕವರ್ ಮತ್ತು ರಟ್ಟು 6, ಹತ್ತರಲ್ಲಿ ಒಂದು ಒಡೆಯುತ್ತದೆ ಅಂತ ಇಟ್ಟುಕೊಂಡರೆ ಇನ್ನೊಂದು 6. ಅಲ್ಲಿಗೆ 77. ಮನೆಗೆ ತಲುಪಿಸಲು ಸ್ಕೂಟರಿನ ಪೆಟ್ರೋಲ್ ಸುಮಾರು 8. ಒಟ್ಟು 85. ನೂರಕ್ಕೆ ಮಾರಿದರೆ ಉಳಿಯುವುದು 15, ಅದರಲ್ಲಿ ನನ್ನ ಕೂಲಿ ಇಲ್ಲ. ಒಂದು ಕಿರಾಣಿ ಅಂಗಡಿಯಲ್ಲಿ ಕೇಳಿದೆ. ನೂರಕ್ಕೆ 20 ಅವರಿಗೆ, ಉಳಿದ ಮಾಲು ವಾಪಸ್. ಅಂದರೆ ನನಗೆ ಬರುವುದು 80, ಪೆಟ್ರೋಲ್ ಬಿಟ್ಟರೂ ಖರ್ಚೇ 77, ನಾಲ್ಕು ಪ್ಯಾಕೆಟ್ ವಾಪಸ್ ಬಂದರೆ ಕೈಯಿಂದ ಹಾಕಬೇಕು. ಅಂಗಡಿಗೆ ಇಡುವ ಯೋಚನೆಯನ್ನು ಆ ದಿನವೇ ಬಿಟ್ಟೆ. ಈ ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಎಷ್ಟೋ ಜನ ಇದನ್ನು ಮಾಡದೆ ಲೋಗೊ ಮಾಡಿಸುತ್ತಾರೆ.

ಬೆಲೆಯನ್ನೂ ಪರೀಕ್ಷೆ ಮಾಡಿದೆ. 90ಕ್ಕೆ ಶುರು ಮಾಡೋಣ ಅಂತ ನಮ್ಮ ಮನೆಯವರು ಹೇಳಿದ್ದರು. ನಾನು 100ಕ್ಕೆ ಶುರು ಮಾಡಿ, ಸ್ವಲ್ಪ ದಿನದ ಮೇಲೆ 120 ಮಾಡಿದೆ. ಮನೆಗಳವರು ಮೆಲ್ಲಗೆ ಕಳಚಿಕೊಂಡರು. ಹುಡುಗರು ಗೊಣಗಿದರು, ಆದರೆ ನಿಲ್ಲಿಸಲಿಲ್ಲ. ಒಬ್ಬ ಮಾತ್ರ, ‘ಅಕ್ಕಾರ, ಇಷ್ಟಕ್ಕ ಊರಾಗ ಬುಟ್ಟಿ ತುಂಬ ಬರ್ತಾವ್ರಿ’ ಅಂದ. ನಿಜವೇ. ಅವನೂ ತಗೊಂಡ.

ಒಡೆಯುವ ವಿಷಯ ಹೇಳಿದೆನಲ್ಲ, ಅದು ಅಷ್ಟು ಸಣ್ಣದಲ್ಲ. ಖಡಕ್ ರೊಟ್ಟಿ ಕಾಗದದ ಹಾಗೆ ತೆಳು, ಬಟ್ಟಲಿನ ಹಾಗೆ ಸ್ವಲ್ಪ ಬಾಗಿರುತ್ತದೆ. ಬೇರೆ ಬೇರೆಯವರು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಬಾಗು ಹೊಂದುವುದಿಲ್ಲ, ಬಸ್ಸು ಒಂದು ಹಂಪ್ ಹಾರಿದರೆ ಸಾಕು, ಮಧ್ಯದಲ್ಲಿ ಸೀಳುತ್ತದೆ. ಚಿಗವ್ವನೇ ಇದಕ್ಕೆ ದಾರಿ ಹುಡುಕಿದಳು. ಒಬ್ಬರು ಬಡಿದ ರೊಟ್ಟಿ ಒಂದೇ ಗಂಟಿನಲ್ಲಿ, ಮೇಲೆ ಕೆಳಗೆ ರಟ್ಟು, ಸುತ್ತ ಹಳೆ ಹತ್ತಿ ಸೀರೆಯ ತುಂಡು, ಆಮೇಲೆ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸುವುದು, ಮಲಗಿಸುವುದಲ್ಲ. ನಿಲ್ಲಿಸಿದರೆ ಮೇಲಿನ ಭಾರ ಬೀಳುವುದಿಲ್ಲ. ಹೀಗೆ ಮಾಡಿದ ಮೇಲೆ ಒಡೆಯುವುದು ಬಹಳ ಕಡಿಮೆಯಾಯಿತು. ಒಡೆದದ್ದನ್ನು ಮುಟಗಿಯ ಹಾಗೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ ನಾವೇ ತಿಂದೆವು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ತೊಂದರೆ. ಇಲ್ಲಿನ ಗಾಳಿಯಲ್ಲಿ ರೊಟ್ಟಿ ತೇವ ಹಿಡಿದು ರಬ್ಬರಿನಂತಾಗುತ್ತದೆ. ಕವರಿನ ಬಾಯಿಗೆ ಬಿಗಿ ಸೀಲ್ ಹಾಕಿದೆ, ‘ತಿನ್ನುವ ಮೊದಲು ಹಂಚಿನ ಮೇಲೆ ಒಂದು ನಿಮಿಷ ಇಡಿ’ ಅಂತ ಚೀಟಿ ಹಾಕಿದೆ. ಬೇಸಿಗೆಯಲ್ಲಿ ಮಾತ್ರ ಮಾರಿ ನೋಡಿ ‘ಆಯ್ತು, ನಡೆಯುತ್ತೆ’ ಅಂದುಕೊಳ್ಳುವ ಹಾಗಿಲ್ಲ. ತಿಂಡಿಯ ವ್ಯಾಪಾರಕ್ಕೆ ಒಂದು ಮಳೆಗಾಲವಾದರೂ ಕಳೆಯಲೇಬೇಕು.

ಕೊನೆಗೆ ಮಷೀನಿನ ಸರದಿ. ಅದನ್ನು ತಗೊಳ್ಳದೆ ಹೇಗೆ ಪರೀಕ್ಷೆ ಮಾಡುವುದು? ಮಷೀನ್ ಹಾಕಿಕೊಂಡಿದ್ದ ಒಂದು ಘಟಕದಿಂದ ರೊಟ್ಟಿ ಕೊಂಡು ತಂದೆ. ‘ಈ ಸಲ ಮಷೀನ್ ರೊಟ್ಟಿ, ಹೇಗಿದೆ ಹೇಳಿ’ ಅಂತ ಬರೆದೇ ಹಳೆ ಗಿರಾಕಿಗಳಿಗೆಲ್ಲ ಕೊಟ್ಟೆ. ಮೈಸೂರಿನ ಮನೆಗಳವರು ‘ಇದೇ ಚೆನ್ನಾಗಿದೆ, ಎಲ್ಲ ಒಂದೇ ಅಳತೆ’ ಅಂದರು. ಹುಡುಗರು ಒಪ್ಪಲಿಲ್ಲ. ‘ಇದ ರೊಟ್ಟಿ ಅಲ್ಲ ಬಿಡ್ರಿ ಅಕ್ಕಾರ, ಹಪ್ಪಳ ಆಗೇತಿ.’ ಕೈಯಲ್ಲಿ ಬಡಿದ ರೊಟ್ಟಿಯಲ್ಲಿ ಅಲ್ಲಲ್ಲಿ ಉಬ್ಬಿ ಸುಟ್ಟ ಚುಕ್ಕೆ ಇರುತ್ತದೆ, ಅಂಚು ತೆಳು, ನಡು ಸ್ವಲ್ಪ ದಪ್ಪ. ಅವರಿಗೆ ಬೇಕಾದದ್ದು ಅದು. ಮಷೀನನ್ನು ಇಷ್ಟಪಟ್ಟವರು ಮತ್ತೆ ಕೊಳ್ಳುವವರಲ್ಲ, ಮತ್ತೆ ಕೊಳ್ಳುವವರಿಗೆ ಮಷೀನ್ ಬೇಡ. ಲಕ್ಷಗಟ್ಟಲೆ ಸಾಲದ ಪ್ರಶ್ನೆ ಒಂದು ಪೆಟ್ಟಿಗೆ ರೊಟ್ಟಿಯಲ್ಲಿ ಮುಗಿಯಿತು.

ಹಾಗಾದರೆ ವ್ಯಾಪಾರ ಇದೆಯಾ, ಇಲ್ಲವಾ? ಇದೆ, ಆದರೆ ರೊಟ್ಟಿಯಲ್ಲಲ್ಲ. ಪುಸ್ತಕ ತಿರುವಿ ಹಾಕಿದಾಗ ಗೊತ್ತಾಗಿದ್ದು ರೊಟ್ಟಿಯ ಜೊತೆ ಮಾರುತ್ತಿದ್ದ ಚಟ್ನಿಪುಡಿಯ ಮಹಿಮೆ. ಕಾಲು ಕಿಲೋಗಿಂತ ಕಡಿಮೆ, 200 ಗ್ರಾಂ ಶೇಂಗಾ ಚಟ್ನಿಪುಡಿಗೆ ಎಲ್ಲ ಸೇರಿ ನನಗೆ 45 ರೂಪಾಯಿ ಬೀಳುತ್ತದೆ, 90ಕ್ಕೆ ಹೋಗುತ್ತದೆ. ಒಡೆಯುವುದಿಲ್ಲ, ಬೇಗ ಕೆಡುವುದಿಲ್ಲ, ಅಂಗಡಿಯವನಿಗೆ 20 ಕೊಟ್ಟರೂ ಕೈಗೆ ಏನಾದರೂ ಉಳಿಯುತ್ತದೆ. ರೊಟ್ಟಿಯನ್ನು ಬಿಟ್ಟ ಮೈಸೂರಿನ ಮನೆಗಳವರು ಕೂಡ ಚಟ್ನಿಪುಡಿ ಬಿಡಲಿಲ್ಲ. ದೋಸೆಗೆ, ಬಿಸಿ ಅನ್ನಕ್ಕೆ ತುಪ್ಪದ ಜೊತೆ, ಚಪಾತಿಗೆ ಹಾಕಿಕೊಳ್ಳುತ್ತಾರೆ. ಅವರ ಅಡುಗೆಮನೆಯಲ್ಲಿ ಅದಕ್ಕೆ ಆಗಲೇ ಜಾಗವಿತ್ತು. ರೊಟ್ಟಿಗೆ ಇರಲಿಲ್ಲ.

ಈಗ ನಡೆಯುತ್ತಿರುವುದು ಹೀಗೆ. ರೊಟ್ಟಿ ವಾರಕ್ಕೊಮ್ಮೆ ಮಾತ್ರ, ಗುರುವಾರದೊಳಗೆ ದುಡ್ಡು ಹಾಕಿದವರಿಗೆ ಮಾತ್ರ. ಅಷ್ಟೇ ರೊಟ್ಟಿ ಚಿಗವ್ವ ಕಳಿಸುತ್ತಾಳೆ, ಒಂದೂ ಉಳಿಯುವುದಿಲ್ಲ. ಚಟ್ನಿಪುಡಿ ಮಾತ್ರ ಮೂರು ಅಂಗಡಿಗಳಲ್ಲಿ ಇಟ್ಟಿದ್ದೇನೆ. ‘ಯವ್ವಾ, ಇನ್ನೂ ನಾಕ್ ಮಂದಿ ಹೆಣ್ಮಕ್ಕಳು ಕೆಲಸ ಕೇಳಾಕತ್ತಾರ, ಏನ್ ಹೇಳ್ಲಿ?’ ಅಂತ ಚಿಗವ್ವ ಮೊನ್ನೆ ಫೋನ್ ಮಾಡಿದ್ದಳು. ಮೂರು ಅಂಗಡಿಯಿಂದ ಎರಡನೇ ಆರ್ಡರ್ ಬರಲಿ, ಆಮೇಲೆ ಹೇಳುತ್ತೇನೆ ಅಂದೆ. ಎರಡು ಅಂಗಡಿಯಿಂದ ಬಂದಿದೆ. ಮೂರನೆಯವರದು ಇನ್ನೂ ಬಂದಿಲ್ಲ.