ನಮ್ಮ ಕ್ಲಾಸಿನ ಸಂಧಿ ಚೌಕಾಬಾರ

ಎಂಟನೇ ತರಗತಿಗೆ ಸಂಧಿ ಪಾಠದ ರಿವಿಷನ್ ಮಾಡಲು ಮೊದಲೆಲ್ಲ ಆಟ ನಾನೇ ತಯಾರಿಸುತ್ತಿದ್ದೆ. ಭಾನುವಾರ ಕೂತು ಡ್ರಾಯಿಂಗ್ ಶೀಟ್ ಕತ್ತರಿಸಿ ಚೀಟಿ ಬರೆಯುವುದು. ಮಕ್ಕಳು ಖುಷಿಯಿಂದ ಆಡುತ್ತಿದ್ದರು. ಟೆಸ್ಟಿನಲ್ಲಿ ಮಾತ್ರ ಮತ್ತೆ ಅದೇ ತಪ್ಪು. ಪದ ಹುಡುಕಿ, ಬಿಡಿಸಿ, ಉತ್ತರ ಬರೆಯುವ ಕೆಲಸವನ್ನೆಲ್ಲ ನಾನೇ ಮುಗಿಸಿಬಿಟ್ಟರೆ ಅವರಿಗೆ ಉಳಿಯುವುದೇನು, ಅಲ್ವಾ?

ಹೋದ ವರ್ಷ ಆಟ ಕಟ್ಟುವ ಕೆಲಸವನ್ನು ಅವರಿಗೇ ಬಿಟ್ಟೆ. ಐದೈದು ಜನರ ಗುಂಪು. ಕಟ್ಟಲು ಎರಡು ಪೀರಿಯಡ್, ಆಡಲು ಒಂದು. ಒಂದು ಗುಂಪು ಚೌಕಾಬಾರ ಹಿಡಿಯಿತು. ಕವಡೆ ಬದಲು ಒಂದು ಮಗ್ಗುಲು ತೇಯ್ದ ಹುಣಸೆಬೀಜ. 25 ಮನೆಗಳಲ್ಲಿ ಇಂಟು ಗುರುತಿನ ಐದು ಬಿಟ್ಟು ಉಳಿದ 20ರಲ್ಲೂ ಒಂದೊಂದು ಪದ. ಕಾಯಿ ಬಂದು ನಿಂತ ಮನೆಯ ಪದ ಬಿಡಿಸಿ ಸಂಧಿಯ ಹೆಸರು ಹೇಳಬೇಕು. ತಪ್ಪಿದರೆ ಕಾಯಿ ವಾಪಸ್.

ನನ್ನದು ಒಂದೇ ಷರತ್ತು. ಉತ್ತರದ ಹಾಳೆ ಅವರೇ ಬರೆಯಬೇಕು, ಪ್ರತಿ ಉತ್ತರಕ್ಕೂ ಕಾರಣ ಇರಬೇಕು.

'ಮಳೆಗಾಲ', 'ಊರೂರು' ಎಲ್ಲ ಸಲೀಸಾಗಿ ಆಯಿತು. ಜಗಳ ಹತ್ತಿದ್ದು 'ಕಾಡಿನ', 'ಹಸುವಿನ' ಹತ್ತಿರ. ಕಾಡು + ಇನ ಅಂದಾಗ ಉಕಾರ ಬಿದ್ದುಹೋಗುತ್ತದೆ, ಲೋಪಸಂಧಿ. ಹಸು + ಇನ ಅಂದಾಗ ಉಕಾರ ಉಳಿದು ವಕಾರ ಬರುತ್ತದೆ, ಆಗಮಸಂಧಿ. ಯಾಕೆ ಹೀಗೆ? "ಮಿಸ್, ನೀವೇ ಹೇಳಿ" ಅಂದರು. ಇನ್ನಷ್ಟು ಪದ ಬರೆದು ನೋಡಿ ಅಂದೆ. ಒಂದು ಕಡೆ ಮಾತು, ಕಲ್ಲು, ಹೆಸರು ಸೇರಿದವು. ಇನ್ನೊಂದು ಕಡೆ ಮಗು, ಕರು, ಗುರು. ಹಿಂದಿನ ಬೆಂಚಿನಲ್ಲಿ ಯಾವಾಗಲೂ ಸುಮ್ನೆ ಕೂರುವ ಹುಡುಗಿ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು. "ಮಿಸ್, ಇವೆಲ್ಲ ಎರಡೇ ಅಕ್ಷರ. ದೀರ್ಘ ಇಲ್ಲ, ಒತ್ತೂ ಇಲ್ಲ."

ನನಗೆ ಮೈ ಜುಮ್ಮೆಂದಿತು. ನಾನು ಬೋರ್ಡಿನ ಮೇಲೆ ಬರೆದಿದ್ದರೆ ಕಾಪಿ ಮಾಡಿಕೊಂಡು ಮರೆಯುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಹುಡುಗ, "ಹಾಗಾದ್ರೆ 'ಅದು'?" ಅಂದ. ಅದೂ ಎರಡೇ ಅಕ್ಷರ, ದೀರ್ಘ ಇಲ್ಲ, ಒತ್ತಿಲ್ಲ. ಆದರೂ 'ಅದನ್ನು' ಅನ್ನುತ್ತೇವೆ, 'ಅದುವನ್ನು' ಅನ್ನುವುದಿಲ್ಲ. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಆ ಪದವನ್ನು ಬೇಕೆಂದೇ ನಡುಮನೆಯ ಪಕ್ಕದ ಮನೆಯಲ್ಲಿ ಬರೆದರು. ಆಟದ ದಿನ ನಡುಮನೆ ಸೇರಿ ಹಣ್ಣಾಗಲು ಹೊರಟಿದ್ದ ಮೂರು ಕಾಯಿ ಅಲ್ಲೇ ಎಡವಿದವು.