ಹತ್ತು ಯಂತ್ರಗಳಿಗೆ ಒಂದೇ ಕರ್ನಲ್: ಲಿನಕ್ಸ್ ನಿರ್ವಹಣೆ ಮತ್ತು ವಿತರಣೆಗಳ ಏಕರೂಪತೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಗಾರಿಕೆಯ ಸಣ್ಣ ಘಟಕಗಳೂ ಒತ್ತೊತ್ತಾಗಿವೆ. ಅಂಥ ಘಟಕದಲ್ಲಿ ಹಳೆಯ ಮಿಲ್ಲಿಂಗ್ ಯಂತ್ರದ ನಿಯಂತ್ರಕ ಕೆಟ್ಟು, ಅದರ ಬಿಡಿಭಾಗ ಎಲ್ಲಿಯೂ ಸಿಗದೆ ಹೋದಾಗ, ಸಾಧಾರಣ ಪಿಸಿಯೊಂದಕ್ಕೆ ಲಿನಕ್ಸ್‌ಸಿಎನ್‌ಸಿ (ಪಿಸಿಯಿಂದಲೇ ಯಂತ್ರವನ್ನು ನಡೆಸುವ ಮುಕ್ತ ತಂತ್ರಾಂಶ) ಹಾಕಿ ಯಂತ್ರವನ್ನು ಮತ್ತೆ ಓಡಿಸುವುದು ಕಡಿಮೆ ಖರ್ಚಿನ ದಾರಿ. ಮೊದಲ ಯಂತ್ರದಲ್ಲಿ ತೊಂದರೆ ಕಾಣುವುದಿಲ್ಲ. ಅದು ಕಾಣಿಸಿಕೊಳ್ಳುವುದು ಐದಾರು ಯಂತ್ರಗಳಾದ ಮೇಲೆ: ಒಂದರಲ್ಲಿ ಡೆಬಿಯನ್ 12, ಇನ್ನೊಂದರಲ್ಲಿ ಉಬುಂಟು 22.04, ಮತ್ತೊಂದರಲ್ಲಿ ಯಾರೋ ವಿದ್ಯಾರ್ಥಿ ಪ್ರಾಜೆಕ್ಟಿಗೆಂದು ಕಂಪೈಲ್ ಮಾಡಿಟ್ಟು ಹೋದ ಕರ್ನಲ್ (ಯಂತ್ರಾಂಶಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಲ್ಲುವ ಲಿನಕ್ಸ್‌ನ ತಿರುಳು). ಯಾವುದರಲ್ಲಿ ಏನು ಬದಲಾಗಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇಂಥ ಯಂತ್ರಗಳ ಹೊಣೆ ಹೊತ್ತವರಿಗಾಗಿ ಈ ಬರಹ. ಕರ್ನಲ್‌ನಲ್ಲಿ ನಮ್ಮದೇ ಆದ ಬದಲಾವಣೆಗಳನ್ನು ಸೊನ್ನೆಯ ಹತ್ತಿರಕ್ಕೆ ತರಬೇಕು. ಡೆಬಿಯನ್, ಉಬುಂಟುಗಳಂಥ ವಿತರಣೆಗಳನ್ನು (ಕರ್ನಲ್ ಜೊತೆಗೆ ಇತರ ತಂತ್ರಾಂಶಗಳನ್ನು ಕೂಡಿಸಿ ಕೊಡುವ ಸಿದ್ಧ ವ್ಯವಸ್ಥೆಗಳನ್ನು) ಒಂದೇ ಅಚ್ಚಿಗೆ ಹೊಯ್ಯಲು ಹೋಗದೆ, ನಮ್ಮ ತಂತ್ರಾಂಶ ಅವುಗಳನ್ನು ಮುಟ್ಟುವ ಕಡೆಗಳಲ್ಲಿ ಮಾತ್ರ ಏಕರೂಪ ತರಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡು ನಿಲುವುಗಳಿಂದ ಹುಟ್ಟಿದವು.

ಯಾವ ಕರ್ನಲ್ ಆರಿಸಬೇಕು

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ 9 ಅಥವಾ 10 ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವ ಮರ್ಜ್ ವಿಂಡೋ. ಆಮೇಲೆ ವಾರಕ್ಕೊಂದರಂತೆ ಆರ್‌ಸಿ (ಪರೀಕ್ಷಾರ್ಥ) ಬಿಡುಗಡೆಗಳು. ಸಾಮಾನ್ಯವಾಗಿ ಏಳನೆಯ ಅಥವಾ ಎಂಟನೆಯ ಆರ್‌ಸಿಯ ನಂತರ ಲೀನಸ್ ಟೋರ್ವಾಲ್ಡ್ಸ್ ಅಂತಿಮ ಆವೃತ್ತಿಯನ್ನು ಬಿಡುತ್ತಾರೆ. ಅಲ್ಲಿಂದ ಮುಂದೆ ಅದಕ್ಕೆ ಸ್ಟೇಬಲ್ ಶಾಖೆಯಲ್ಲಿ ದೋಷ ಪರಿಹಾರಗಳು ಸೇರುತ್ತವೆ. ವರ್ಷದ ಕೊನೆಯ ಆವೃತ್ತಿಯನ್ನು ಸಾಮಾನ್ಯವಾಗಿ ಎಲ್‌ಟಿಎಸ್ (ದೀರ್ಘಕಾಲ ನಿರ್ವಹಿಸುವ ಶಾಖೆ) ಆಗಿ ಆರಿಸಿ ಕನಿಷ್ಠ ಎರಡು ವರ್ಷ ನೋಡಿಕೊಳ್ಳುತ್ತಾರೆ. ಕಾರ್ಖಾನೆಯ ಮಟ್ಟಿಗೆ ಎಲ್‌ಟಿಎಸ್ ಬಿಟ್ಟು ಬೇರೆ ಶಾಖೆಯ ಯೋಚನೆಯೇ ಬೇಡ.

ಇವತ್ತು ಹೊಸದಾಗಿ ಆರಂಭಿಸುವವರಿಗೆ 6.12 ಸರಣಿ ಅನುಕೂಲಕರ. ಸುಮಾರು 20 ವರ್ಷ ಮುಖ್ಯ ಕರ್ನಲ್‌ನ ಹೊರಗೆ ಪ್ಯಾಚ್ (ಮೂಲ ಕೋಡಿಗೆ ಹಾಕುವ ತಿದ್ದುಪಡಿ) ರೂಪದಲ್ಲಿಯೇ ಉಳಿದಿದ್ದ, ಕೆಲಸಕ್ಕೆ ಗೊತ್ತಾದ ಸಮಯದೊಳಗೆ ಸ್ಪಂದಿಸುವ ರಿಯಲ್‌ಟೈಮ್ ಸೌಲಭ್ಯ, ಅಂದರೆ ಪ್ರಿಎಂಪ್ಟ್-ಆರ್‌ಟಿ, 2024ರ ನವೆಂಬರ್‌ನಲ್ಲಿ ಬಂದ ಈ ಆವೃತ್ತಿಯಲ್ಲಿಯೇ ಒಳಗೆ ಬಂದಿತು. ಹಿಂದೆ ಪ್ರತಿ ಸ್ಟೇಬಲ್ ಬಿಡುಗಡೆಗೂ ಹೊಂದುವ ಆರ್‌ಟಿ ಪ್ಯಾಚ್ ಹುಡುಕಿ ಹೊಂದಿಸಬೇಕಿತ್ತು. ಈಗ ಕಾನ್ಫಿಗ್‌ನಲ್ಲಿ (ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಕಡತದಲ್ಲಿ) ಒಂದು ಆಯ್ಕೆ ಸಾಕು. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಸಹ ಇದೇ ಸರಣಿಯನ್ನು ಬಳಸುತ್ತದೆ. ನಿಮ್ಮ ಎಲ್ಲ ಯಂತ್ರಗಳಲ್ಲಿಯೂ ಡೆಬಿಯನ್ 13 ಇದ್ದರೆ ಅದರದೇ ಆರ್‌ಟಿ ಕರ್ನಲ್ ಪ್ಯಾಕೇಜನ್ನು ಹಾಕಿಕೊಂಡು ಸುಮ್ಮನಿರುವುದು ಲೇಸು. ಸ್ವಂತ ಕರ್ನಲ್ ಕಟ್ಟಬೇಕಾಗುವುದು ವಿತರಣೆಗಳು ಬೆರಕೆಯಾಗಿರುವಾಗ.

32 ಬಿಟ್‌ನ ಹಳೆಯ ಪಿಸಿಗಳ ಬಗ್ಗೆ ಒಂದು ಮಾತು. ಮೋಟಾರುಗಳಿಗೆ ಸಂಕೇತ ಕಳಿಸಲು ಬಳಸುವ ಪ್ಯಾರಲಲ್ ಪೋರ್ಟ್ ಇದೆ ಎಂಬ ಕಾರಣಕ್ಕೆ ಇವನ್ನು ಜತನವಾಗಿ ಕಾಪಾಡಿಕೊಂಡವರಿದ್ದಾರೆ. ಡೆಬಿಯನ್ 13ರಲ್ಲಿ ಇವುಗಳಿಗೆ ಕರ್ನಲ್ ಪ್ಯಾಕೇಜೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಆ ಒಂದೆರಡು ಯಂತ್ರಗಳಿಗಾಗಿ ಬೇರೆಯೇ ಕರ್ನಲ್ ಕಟ್ಟುತ್ತ ಕೂರುವುದಕ್ಕಿಂತ, ಬಳಸಿದ 64 ಬಿಟ್ ಮದರ್‌ಬೋರ್ಡ್ ಮತ್ತು ಪ್ಯಾರಲಲ್ ಪೋರ್ಟ್ ಕಾರ್ಡ್ ತಂದು ಹಾಕುವುದು ಅಗ್ಗ.

ಭದ್ರತೆಯ ಪರಿಹಾರಗಳನ್ನು ಒಂದೊಂದಾಗಿ ಆರಿಸಿ ತೆಗೆದುಕೊಳ್ಳುವ ಹವ್ಯಾಸವನ್ನೂ ಬಿಡಬೇಕು. 2024ರ ಫೆಬ್ರವರಿಯಿಂದ ಕರ್ನಲ್ ತಂಡವೇ ಸಿವಿಇ (ಭದ್ರತಾ ದೋಷಗಳನ್ನು ಗುರುತಿಸುವ) ಸಂಖ್ಯೆಗಳನ್ನು ಕೊಡುತ್ತಿದ್ದು, ಅವುಗಳ ರಾಶಿಯನ್ನು ಒಬ್ಬ ವ್ಯಕ್ತಿ ಓದಿ ಮುಗಿಸುವುದು ಸಾಧ್ಯವಿಲ್ಲ. ಸ್ಟೇಬಲ್ ಬಿಡುಗಡೆಯನ್ನು ಇಡಿಯಾಗಿ ತೆಗೆದುಕೊಂಡು ಪರೀಕ್ಷಿಸುವುದೊಂದೇ ನಡೆಯುವ ಕ್ರಮ.

ಕಟ್ಟುವ ಕ್ರಮ

ಸ್ಟೇಬಲ್ ಭಂಡಾರವನ್ನು ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಕಾಯುವ ಸಾಧನ) ಮೂಲಕ ಇಳಿಸಿಕೊಂಡು, ಬೇಕಾದ ಟ್ಯಾಗಿನ (ಬಿಡುಗಡೆಯ ಗುರುತಿನ) ಸಹಿಯನ್ನು ಪರಿಶೀಲಿಸಿ, ಅದರ ಮೇಲೆ ನಿಮ್ಮದೊಂದು ಬ್ರಾಂಚ್ (ಪ್ರತ್ಯೇಕ ಕವಲು) ತೆರೆಯಿರಿ. ಕಾನ್ಫಿಗ್ ಕಡತವನ್ನು ಇಡಿಯಾಗಿ ಕಾಪಿಟ್ಟರೆ, ಸಾವಿರಾರು ಸಾಲುಗಳಲ್ಲಿ ನೀವು ಬೇಕೆಂದೇ ಬದಲಿಸಿದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂದು ವರ್ಷದ ನಂತರ ತಿಳಿಯುವುದಿಲ್ಲ. ಆದ್ದರಿಂದ ಡೆಬಿಯನ್ನಿನ ಕಾನ್ಫಿಗ್ ಅನ್ನು ತಳಹದಿಯಾಗಿ ಇಟ್ಟುಕೊಂಡು, ನಿಮ್ಮ ಆಯ್ಕೆಗಳನ್ನು ಮಾತ್ರ ಒಂದು ಚಿಕ್ಕ ಕಡತದಲ್ಲಿ ಬರೆದು, ಪ್ರತಿ ಆಯ್ಕೆಯ ಮೇಲೆ ಕಾರಣವನ್ನು ಟಿಪ್ಪಣಿಯಾಗಿ ಸೇರಿಸಿ, ಕರ್ನಲ್ ಜೊತೆಗೇ ಬರುವ ಮರ್ಜ್-ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಎರಡನ್ನೂ ಬೆರೆಸಿರಿ. ಅವಲಂಬನೆ ಪೂರೈಸದ ಆಯ್ಕೆಗಳು ಅಂತಿಮ ಕಾನ್ಫಿಗ್‌ಗೆ ಬರುವುದಿಲ್ಲ. ಸ್ಕ್ರಿಪ್ಟ್ ಕೊಡುವ ಎಚ್ಚರಿಕೆಯನ್ನು ಓದದೆ ಮುಂದೆ ಹೋಗಬೇಡಿ. ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸುಲಭದ ದಾರಿ ಒಂದೇ ಯಂತ್ರಕ್ಕೆ ಚೆನ್ನ, ಹತ್ತು ಯಂತ್ರಗಳಿಗಲ್ಲ: ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಅದು ಉಳಿಸುತ್ತದೆ.

ಲೋಕಲ್‌ವರ್ಶನ್ ಆಯ್ಕೆಯಲ್ಲಿ ನಿಮ್ಮ ಗುರುತನ್ನೂ ಬಿಡುಗಡೆಯ ಕ್ರಮಸಂಖ್ಯೆಯನ್ನೂ ಹಾಕಿ, ಮೇಕ್ ಬಿನ್‌ಡೆಬ್-ಪಿಕೆಜಿ ಎಂದು ಕೊಟ್ಟರೆ ಡೆಬಿಯನ್, ಉಬುಂಟುಗಳಲ್ಲಿ ಹಾಕಬಹುದಾದ ಡೆಬ್ ಪ್ಯಾಕೇಜುಗಳು ಸಿದ್ಧ. ಕರ್ನಲ್ ಮತ್ತು ಬಳಕೆದಾರ ತಂತ್ರಾಂಶಗಳ ನಡುವಿನ ಸಂಪರ್ಕವನ್ನು ಮುರಿಯಬಾರದೆಂಬ ನಿಯಮವನ್ನು ಟೋರ್ವಾಲ್ಡ್ಸ್ ಬಿಗಿಯಾಗಿ ಪಾಲಿಸುವುದರಿಂದ, ಇದೇ ಪ್ಯಾಕೇಜ್ ಉಬುಂಟು 22.04, ಡೆಬಿಯನ್ 12 ಮತ್ತು 13 ಮೂರರಲ್ಲಿಯೂ ಓಡುತ್ತದೆ.

ಕರ್ನಲ್‌ನ ಒಳಗಿನ ಸಂಪರ್ಕಗಳಿಗೆ ಮಾತ್ರ ಅಂಥ ಯಾವ ಭರವಸೆಯೂ ಇಲ್ಲ, ಕೊಡುವುದೂ ಇಲ್ಲವೆಂದು ಕರ್ನಲ್ ದಸ್ತಾವೇಜುಗಳೇ ಹೇಳುತ್ತವೆ. ಹೊರಗಿನಿಂದ ತಂದು ಡಿಕೆಎಂಎಸ್ (ಪ್ರತಿ ಹೊಸ ಕರ್ನಲ್‌ಗೂ ಡ್ರೈವರನ್ನು ಮತ್ತೆ ಕಟ್ಟುವ ಸಾಧನ) ಮೂಲಕ ಕಟ್ಟುವ ಡ್ರೈವರುಗಳು ಪ್ರತಿ ದೊಡ್ಡ ಜಿಗಿತದಲ್ಲಿ ಮುರಿಯುವುದಕ್ಕೆ ಇದೇ ಕಾರಣ. ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್‌ಗೆ ಆರ್8168 ಎಂಬ ಹೊರಗಿನ ಡ್ರೈವರ್ ಹಾಕಿಕೊಂಡ ಯಂತ್ರವಿದ್ದರೆ, ಒಳಗಿನ ಆರ್8169 ನಿಮ್ಮ ಕೆಲಸಕ್ಕೆ ಸಾಕೇ ಎಂದು ಮೊದಲು ಅಳೆಯಿರಿ. ಸಾಕಾಗದಿದ್ದರೆ ಕಾರ್ಡನ್ನೇ ಬದಲಿಸಿರಿ.

ಒಂದು ಸಾಲಿನ ಪ್ಯಾಚ್, ಮೊದಲಿನಿಂದ ಕೊನೆಯವರೆಗೆ

ಸ್ವಂತ ಪ್ಯಾಚ್ ಇಲ್ಲದೆ ನಡೆಯದು ಎನ್ನಿಸುವ ಸಂದರ್ಭವನ್ನೇ ನೋಡೋಣ. ಸ್ಪಿಂಡಲ್‌ನ ವಿಎಫ್‌ಡಿಗೆ (ಮೋಟಾರಿನ ವೇಗ ನಿಯಂತ್ರಕಕ್ಕೆ) ಮಾಡ್‌ಬಸ್ ಎಂಬ ಸಂವಹನ ಕ್ರಮದ ಮೂಲಕ ಮಾತಾಡಲು ಯುಎಸ್‌ಬಿಯಿಂದ ಆರ್‌ಎಸ್-485 ಎಂಬ ಸೀರಿಯಲ್ ಸಂಪರ್ಕಕ್ಕೆ ಹೋಗುವ ಪರಿವರ್ತಕವನ್ನು ತಂದಿದ್ದೀರಿ. ಒಳಗಿರುವುದು ಪರಿಚಿತ ಸಿಪಿ210ಎಕ್ಸ್ ಚಿಪ್. ತಯಾರಕರು ತಮ್ಮದೇ ಉತ್ಪನ್ನ ಸಂಖ್ಯೆ ಹಾಕಿರುವುದರಿಂದ ಕರ್ನಲ್ ಅದನ್ನು ಗುರುತಿಸುವುದಿಲ್ಲ. ಎಲ್‌ಎಸ್‌ಯುಎಸ್‌ಬಿ ಆಜ್ಞೆ ನಾಲ್ಕು ನಾಲ್ಕು ಅಂಕೆಗಳ ಎರಡು ಗುರುತುಗಳನ್ನು ತೋರಿಸುತ್ತದೆ. ಕೋಡ್ ಮುಟ್ಟುವ ಮೊದಲು, ಸಿಸ್ ಕಡತವ್ಯವಸ್ಥೆಯಲ್ಲಿ ಆ ಯುಎಸ್‌ಬಿ-ಸೀರಿಯಲ್ ಡ್ರೈವರಿನ ನ್ಯೂ-ಐಡಿ ಕಡತಕ್ಕೆ ಈ ಎರಡನ್ನೂ ಬರೆಯಿರಿ. ಸೀರಿಯಲ್ ಪೋರ್ಟ್ ಮೂಡಿ ವಿಎಫ್‌ಡಿ ಉತ್ತರಿಸಿದರೆ, ಡ್ರೈವರಿನ ಗುರುತುಪಟ್ಟಿಯಲ್ಲಿ ಒಂದು ಸಾಲು ಸೇರಿಸುವುದಷ್ಟೇ ಉಳಿದ ಕೆಲಸ.

ಆ ಸಾಲನ್ನು ನಿಮ್ಮ ಬ್ರಾಂಚಿನಲ್ಲಿಯೇ ಇಟ್ಟುಕೊಂಡರೆ ಪ್ರತಿ ಆವೃತ್ತಿಗೂ ನೀವೇ ಹೊರಬೇಕು. ಅದನ್ನು ಮುಖ್ಯ ಕರ್ನಲ್‌ಗೆ ಕಳಿಸಲು ಹೆಚ್ಚು ಶ್ರಮವಿಲ್ಲ. ಆ ಕಡತದ ಹಿಂದಿನ ಕಮಿಟ್‌ಗಳ (ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳ) ಶೀರ್ಷಿಕೆ ಯಾವ ಧಾಟಿಯಲ್ಲಿದೆಯೋ ಅದೇ ಧಾಟಿಯಲ್ಲಿ ಶೀರ್ಷಿಕೆ ಬರೆಯಿರಿ. ವಿವರಣೆಯಲ್ಲಿ ಸಾಧನ ಯಾವುದು, ಹೇಗೆ ಪರೀಕ್ಷಿಸಿದಿರಿ ಎಂಬುದಿರಲಿ. ಕೊನೆಗೆ ಸೈನ್ಡ್-ಆಫ್-ಬೈ ಸಾಲಿನಲ್ಲಿ ನಿಮ್ಮ ಹೆಸರು ಮತ್ತು ಮಿಂಚಂಚೆ ಇರಬೇಕು. ಇದು 2004ರಿಂದ ಜಾರಿಯಲ್ಲಿರುವ ಮೂಲ ಪ್ರಮಾಣಪತ್ರದ ಕ್ರಮ, ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ಅದರ ಮೂಲಕ ನೀವು ಒಪ್ಪಿಕೊಳ್ಳುತ್ತೀರಿ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಶೈಲಿಯ ತಪ್ಪುಗಳನ್ನು ತೋರಿಸುತ್ತದೆ. ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕೆಂದು ಹೇಳುತ್ತದೆ. ಗಿಟ್ ಸೆಂಡ್-ಇಮೇಲ್‌ನಿಂದ ಸರಳ ಪಠ್ಯವಾಗಿ ಕಳಿಸಿರಿ, ಲಗತ್ತಾಗಿ ಬೇಡ.

ಸ್ಟೇಬಲ್ ಶಾಖೆಗೆ ಹೋಗುವ ಪ್ಯಾಚ್ ಮೊದಲು ಮುಖ್ಯ ಕರ್ನಲ್‌ನಲ್ಲಿ ಇರಲೇಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು, ನಿಜವಾದ ದೋಷವನ್ನು ಸರಿಪಡಿಸಬೇಕು. ಹೊಸ ಸಾಧನದ ಗುರುತು ಸೇರಿಸುವುದಕ್ಕೆ ಅಲ್ಲಿ ಸ್ಪಷ್ಟವಾದ ಅವಕಾಶವಿದೆ, ಆದ್ದರಿಂದ ಸಹಿಯ ಜಾಗದಲ್ಲಿಯೇ ಸ್ಟೇಬಲ್ ತಂಡಕ್ಕೆ ಪ್ರತಿ ಎಂದು ನಮೂದಿಸಿರಿ. ಅದು ಒಳಗೆ ಬರುವವರೆಗೆ ನಿಮ್ಮ ಬ್ರಾಂಚಿನಲ್ಲಿ ಹೊತ್ತಿರಬೇಕು. ಹೊಸ ಸ್ಟೇಬಲ್ ಟ್ಯಾಗಿನ ಮೇಲೆ ರೀಬೇಸ್ ಮಾಡುವಾಗ (ನಿಮ್ಮ ಪ್ಯಾಚ್‌ಗಳನ್ನು ಅದರ ಮೇಲೆ ಮತ್ತೆ ಕೂರಿಸುವಾಗ), ಅದೇ ಪ್ಯಾಚ್ ಅಲ್ಲಿ ಬಂದಿದ್ದರೆ ಗಿಟ್ ನಿಮ್ಮ ಪ್ರತಿಯನ್ನು ತಾನೇ ಕೈಬಿಡುತ್ತದೆ. ಇನ್ನೂ ಉಳಿದಿರುವ ಪ್ಯಾಚ್‌ಗಳನ್ನು ಕಾರಣಸಮೇತ ಪಟ್ಟಿ ಮಾಡಿಡಿ. ಕಾರಣ ಬರೆಯಲಾಗದ ಪ್ಯಾಚನ್ನು ತೆಗೆದುಹಾಕಿರಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಇರುವ ಈ ಊರಿನಲ್ಲಿ ಇಂಥ ಕೆಲಸಕ್ಕೆ ವಿದ್ಯಾರ್ಥಿಗಳ ಕೊರತೆಯಿಲ್ಲ. ಕರ್ನಲ್ ಇತಿಹಾಸದಲ್ಲಿ ಹೆಸರು ಸಮೇತ ಉಳಿಯುವ ಒಂದು ಸಾಲು, ಬೈಂಡ್ ಮಾಡಿಸಿ ಕಪಾಟಿನಲ್ಲಿಟ್ಟ ಎಷ್ಟೋ ಪ್ರಾಜೆಕ್ಟ್ ವರದಿಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಮತ್ತು ಹಂಚಿಕೆ

ಹೊಸ ಕರ್ನಲ್ ಬೂಟ್ ಆಯಿತೆಂದರೆ ಪರೀಕ್ಷೆ ಮುಗಿದಂತಲ್ಲ. ವಿಳಂಬ ಅಳೆಯುವ ಸೈಕ್ಲಿಕ್‌ಟೆಸ್ಟ್ ಅನ್ನು ಕನಿಷ್ಠ ಒಂದು ಗಂಟೆ ಓಡಿಸಿ. ಅದರ ಜೊತೆಗೇ ಡಿಸ್ಕ್, ನೆಟ್‌ವರ್ಕ್, ಗ್ರಾಫಿಕ್ಸ್ ಎಲ್ಲದಕ್ಕೂ ಭಾರ ಹಾಕಿ. ಪ್ಯಾರಲಲ್ ಪೋರ್ಟ್‌ನಿಂದ ಸ್ಟೆಪ್ ಪಲ್ಸ್ ಕೊಡುವ ಯಂತ್ರದಲ್ಲಿ ಗರಿಷ್ಠ ವಿಳಂಬ 15ರಿಂದ 20 ಮೈಕ್ರೋಸೆಕೆಂಡಿನ ಒಳಗಿದ್ದರೆ ಉತ್ತಮ. 30ರಿಂದ 50 ಆದರೆ ವೇಗ ತಗ್ಗಿಸಿ ಓಡಿಸಬಹುದು. 100 ದಾಟಿದರೆ ಆ ಪಿಸಿ ಈ ಕೆಲಸಕ್ಕೆ ಒದಗುವುದಿಲ್ಲ. ಸರಾಸರಿಯನ್ನು ನೋಡಬೇಡಿ. ಒಂದೇ ಒಂದು ಗರಿಷ್ಠ ಅಂಕೆಯೂ ತುಂಡನ್ನು ಕೆಡಿಸಬಲ್ಲದು. ಕರ್ನಲ್‌ನ ತಪ್ಪಿಲ್ಲದೆಯೇ ದೊಡ್ಡ ವಿಳಂಬ ಕಾಣಿಸಿದರೆ ಎಚ್‌ಡಬ್ಲ್ಯುಲ್ಯಾಟ್‌ಡಿಟೆಕ್ಟ್ ಓಡಿಸಿರಿ. ಬಯಾಸ್ ಹೊರಡಿಸುವ ಎಸ್‌ಎಂಐ ಅಡ್ಡಿಗಳು ಅದರಲ್ಲಿ ಬಯಲಾಗುತ್ತವೆ. ವಿಜಯಪುರ, ಬಾಗಲಕೋಟೆಗೆ ಕಳಿಸುವ ಯಂತ್ರವಾದರೆ ಮೇ ತಿಂಗಳ ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿಯೇ ಅಳೆಯುವುದು ಒಳ್ಳೆಯದು, ಏಕೆಂದರೆ ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಂಡಾಗ ಬೆಳಗಾವಿಯ ಅಂಕೆಗಳು ಅಲ್ಲಿ ನಿಲ್ಲುವುದಿಲ್ಲ.

ದೂರದ ಯಂತ್ರಕ್ಕೆ ಹೊಸ ಕರ್ನಲ್ ಕಳಿಸುವಾಗ ಗ್ರಬ್‌ನ (ಬೂಟ್ ಮಾಡಬೇಕಾದ ಕರ್ನಲ್ ಆರಿಸುವ ತಂತ್ರಾಂಶದ) ಪೂರ್ವನಿಯೋಜಿತ ಆಯ್ಕೆಯನ್ನು ಸೇವ್ಡ್ ಎಂದಿರಿಸಿ, ಹಳೆಯ ಕರ್ನಲ್ ಅನ್ನೇ ಅದರಲ್ಲಿ ಉಳಿಸಿ, ಗ್ರಬ್-ರೀಬೂಟ್ ಆಜ್ಞೆಯಿಂದ ಹೊಸದನ್ನು ಒಂದೇ ಬಾರಿಗೆ ಬೂಟ್ ಮಾಡಿಸಿರಿ. ಕರ್ನಲ್ ಸಾಲಿನಲ್ಲಿ ಪ್ಯಾನಿಕ್=10 ಎಂದಿದ್ದರೆ, ಹೊಸದು ಕುಸಿದ 10 ಸೆಕೆಂಡಿಗೆ ಯಂತ್ರ ಮತ್ತೆ ಹಳೆಯದಕ್ಕೆ ಮರಳುತ್ತದೆ. ಎಲ್ಲವೂ ಸರಿಯಿದ್ದರೆ ಆಮೇಲೆ ಹೊಸದನ್ನು ಕಾಯಂ ಮಾಡಬಹುದು. ಯುಪಿಎಸ್ ಇಲ್ಲದ ಯಂತ್ರಕ್ಕೆ, ಅದರಲ್ಲಿಯೂ ಮಳೆಗಾಲದಲ್ಲಿ, ಈ ಕೆಲಸಕ್ಕೆ ಕೈ ಹಾಕಬಾರದು.

ಮೊದಲು ಸರಿಯಿದ್ದದ್ದು ಹೊಸ ಆವೃತ್ತಿಯಲ್ಲಿ ಕೆಟ್ಟರೆ, ಪ್ರತಿ ಬಾರಿ ಕಮಿಟ್‌ಗಳನ್ನು ಅರ್ಧಕ್ಕಿಳಿಸುತ್ತ ಹುಡುಕುವ ಗಿಟ್ ಬೈಸೆಕ್ಟ್ ಇದೆ. ಎರಡು ಬಿಡುಗಡೆಗಳ ನಡುವೆ 1000 ಕಮಿಟ್ ಇದ್ದರೂ ಸುಮಾರು 10 ಬಾರಿ ಕಟ್ಟಿ ಪರೀಕ್ಷಿಸಿದರೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಅದರ ಗುರುತಿನೊಂದಿಗೆ ಹೋದ ದೂರಿಗೂ, ಹೊಸ ಕರ್ನಲ್ ಸರಿಯಿಲ್ಲ ಎಂಬ ಬರಿಯ ದೂರಿಗೂ ಸಿಗುವ ಉತ್ತರದಲ್ಲಿ ಅಜಗಜಾಂತರವಿದೆ.

ವಿತರಣೆಗಳ ಏಕರೂಪತೆ

ವಿತರಣೆಗಳನ್ನು ಇಡಿಯಾಗಿ ಒಂದೇ ಅಳತೆಗೆ ತರುವ ಯತ್ನ ಹಿಂದೆ ನಡೆದಿದೆ. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ 2001ರಲ್ಲಿ ಮೊದಲ ಆವೃತ್ತಿ ಕಂಡಿತು, 2006ರಲ್ಲಿ ಐಎಸ್‌ಒ ಮಾನಕವೂ ಆಯಿತು. ಯಾವ ತಂತ್ರಾಂಶ ಲೈಬ್ರರಿಯಲ್ಲಿ ಯಾವ ಫಂಕ್ಷನ್ ಇರಬೇಕು ಎಂಬಲ್ಲಿಂದ ಪ್ಯಾಕೇಜಿನ ರೂಪ ಆರ್‌ಪಿಎಂ ಆಗಿರಬೇಕು ಎಂಬವರೆಗೆ ಅದು ಕಟ್ಟಳೆ ಹಾಕಿತು. ಡೆಬ್ ಬಳಸುವ ಡೆಬಿಯನ್ ಅದಕ್ಕಾಗಿ ಏಲಿಯನ್ ಎಂಬ ಪರಿವರ್ತಕವನ್ನು ಆಶ್ರಯಿಸಬೇಕಾಯಿತು. ಅದರಂತೆ ಪ್ರಮಾಣೀಕರಿಸಿಕೊಂಡ ತಂತ್ರಾಂಶಗಳು ಬೆರಳೆಣಿಕೆಯಷ್ಟೇ ಆದುದರಿಂದ 2015ರಲ್ಲಿ ಡೆಬಿಯನ್ ಅದರ ಬಹುಭಾಗವನ್ನು ಕೈಬಿಟ್ಟಿತು. ಆದರೆ ಕಿರಿದಾದ ಒಪ್ಪಂದಗಳು ಬಾಳಿದವು: ಕಡತಗಳ ಸ್ಥಾನವನ್ನು ಹೇಳುವ ಎಫ್‌ಎಚ್‌ಎಸ್, ವಿತರಣೆಯ ಗುರುತನ್ನು ಹೇಳುವ ಓಎಸ್-ರಿಲೀಸ್ ಕಡತ.

ನಿಮ್ಮ ಘಟಕದ ಒಪ್ಪಂದವೂ ಒಂದು ಪುಟ ಮೀರಬಾರದು. ಸ್ವಂತ ತಂತ್ರಾಂಶ ಆಪ್ಟ್ (/opt) ಡೈರೆಕ್ಟರಿಯಲ್ಲಿ, ಅದರ ಸಂರಚನೆ ಎಟ್ಸಿ ಒಳಗಿನ ಆಪ್ಟ್‌ನಲ್ಲಿ, ಬದಲಾಗುವ ದತ್ತ ವಾರ್ ಒಳಗಿನ ಆಪ್ಟ್‌ನಲ್ಲಿ ಇರಲಿ. ಎಫ್‌ಎಚ್‌ಎಸ್ ಹೇಳುವುದೂ ಇದನ್ನೇ. ಸ್ಕ್ರಿಪ್ಟ್‌ಗಳು ವಿತರಣೆಯನ್ನು ಓಎಸ್-ರಿಲೀಸ್‌ನಿಂದಲೇ ಗುರುತಿಸಲಿ. ಬೈನರಿಗಳನ್ನು ಇರುವುದರಲ್ಲಿ ಅತ್ಯಂತ ಹಳೆಯ ಜಿಲಿಬ್‌ಸಿ (ಬಹುತೇಕ ತಂತ್ರಾಂಶಗಳು ಅವಲಂಬಿಸುವ ಮೂಲ ಲೈಬ್ರರಿ) ಮೇಲೆ ಕಟ್ಟಿರಿ: ಉಬುಂಟು 22.04ರ 2.35ರ ಮೇಲೆ ಕಟ್ಟಿದ್ದು ಡೆಬಿಯನ್ 12ರ 2.36ರಲ್ಲಿಯೂ 13ರ 2.41ರಲ್ಲಿಯೂ ಓಡುತ್ತದೆ, ಹಿಮ್ಮುಖವಾಗಿ ಓಡುವ ಭರವಸೆಯಿಲ್ಲ. ಮೇಲೆ ಹೇಳಿದ ಪರಿವರ್ತಕಕ್ಕೆ ಯುಡೆವ್ (ಸಾಧನಗಳಿಗೆ ಹೆಸರಿಡುವ ವ್ಯವಸ್ಥೆ) ನಿಯಮದಿಂದ ಸ್ಥಿರವಾದ ಹೆಸರು ಕೊಡಿರಿ. ಟಿಟಿವೈಯುಎಸ್‌ಬಿ0 ಎಂಬ ಹೆಸರು ಸಾಧನಗಳನ್ನು ಚುಚ್ಚುವ ಕ್ರಮದಂತೆ ಬದಲಾಗುತ್ತದೆ. ಪರದೆಯ ಮೇಲೆ ಕನ್ನಡ ಬೇಕಿದ್ದರೆ ಲೊಕೇಲ್ (ಭಾಷೆ, ಅಂಕೆಗಳ ರೂಪ ಹೇಳುವ ಹೊಂದಿಕೆ) ಮತ್ತು ಲೋಹಿತ್ ಅಥವಾ ಗುಬ್ಬಿ ಫಾಂಟ್ ಎಲ್ಲ ಯಂತ್ರಗಳ ಪ್ಯಾಕೇಜ್ ಪಟ್ಟಿಯಲ್ಲಿಯೂ ಇರಲಿ, ಅಂಕೆಗಳ ಲೊಕೇಲ್ ಮಾತ್ರ ಸಿ ಆಗಿರಲಿ. ಪ್ಯಾಕೇಜುಗಳನ್ನು ಆಪ್ಟ್‌ಲಿ ಎಂಬ ಪ್ಯಾಕೇಜ್ ಭಂಡಾರದ ಸಾಧನದಿಂದ ಸ್ನ್ಯಾಪ್‌ಶಾಟ್ ತೆಗೆದು, ಸಹಿ ಹಾಕಿ, ಊರೊಳಗಿನ ಒಂದು ಸರ್ವರಿನಲ್ಲಿಡಿ. ಯಂತ್ರಗಳು ಅಲ್ಲಿಂದಲ್ಲದೆ ಬೇರೆಲ್ಲಿಂದಲೂ ಕರ್ನಲ್ ತೆಗೆದುಕೊಳ್ಳದಂತೆ ಪಿನ್ ಮಾಡಿರಿ. ಮೇಜುಗಳ ಮೇಲಿನ ಪಿಸಿಗಳಲ್ಲಿ ಗ್ನೋಮ್ ಇದೆಯೋ ಎಕ್ಸ್‌ಎಫ್‌ಸಿಇ ಇದೆಯೋ ಎಂಬುದಕ್ಕೆ ಒಪ್ಪಂದ ತಲೆ ಹಾಕಬೇಕಿಲ್ಲ.

ಯಂತ್ರವನ್ನು ಈ ಕರ್ನಲ್ ಸಮೇತ ಕೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಮಾರುವುದಾದರೆ ಕರ್ನಲ್‌ನ ಪರವಾನಗಿಯಾದ ಜಿಪಿಎಲ್ ಎರಡನೆಯ ಆವೃತ್ತಿಯ ಷರತ್ತು ನಿಮಗೂ ಅನ್ವಯಿಸುತ್ತದೆ. ಮೂಲ ಕೋಡನ್ನು ಯಂತ್ರದ ಜೊತೆಯಲ್ಲಿಯೇ ಕೊಡಬೇಕು, ಇಲ್ಲವೇ ಕನಿಷ್ಠ ಮೂರು ವರ್ಷ ಕೇಳಿದವರಿಗೆ ಕೊಡುವೆವೆಂದು ಲಿಖಿತವಾಗಿ ತಿಳಿಸಬೇಕು. ಕಂಪೈಲ್ ಮಾಡಲು ಬಳಸಿದ ಸ್ಕ್ರಿಪ್ಟ್‌ಗಳೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಪ್ರತಿ ಬಿಡುಗಡೆಯ ಗಿಟ್ ಟ್ಯಾಗ್, ಕಾನ್ಫಿಗ್ ತುಣುಕು ಮತ್ತು ಪ್ಯಾಚ್ ಪಟ್ಟಿಯನ್ನು ಪ್ಯಾಕ್ ಮಾಡಿ ಯಂತ್ರದ ಕ್ರಮಸಂಖ್ಯೆಯ ಜೊತೆಗೆ ದಾಖಲಿಸಿಡಿ, ಬಿಲ್ಲಿನೊಂದಿಗೆ ಆ ಲಿಖಿತ ಪತ್ರದ ಪ್ರತಿಯನ್ನೂ ಲಗತ್ತಿಸಿರಿ.