ಮಂಡಿ ಕ್ಯಾಲೆಂಡರಿನಲ್ಲಿ ನನ್ನ ಹನ್ನೊಂದು, ನನ್ನ ಇಪ್ಪತ್ತು

ನಮ್ಮನೆ ಇರುವುದು ಸಾಗರ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಅಡಿಕೆ ತೋಟ, ಎರಡು ಹಸು, ಅತ್ತೆ, ಮಾವ, ನಾವಿಬ್ಬರು, ಮಗಳು, ಮಗ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಆಡಿಟರ್ ಆಫೀಸಿಗೆ ಅಕೌಂಟ್ಸ್ ಕೆಲಸಕ್ಕೆ ಸೇರಿದೆ, ಮನೆಯಿಂದಲೇ. ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆ. ಆಗ ಮಗಳು ಮೂರನೇ ಕ್ಲಾಸು, ಮಗನಿಗೆ ಮೂರು ವರ್ಷ. ಮಕ್ಕಳಾದ ಮೇಲೆ ಕೆಲಸ ಬಿಟ್ಟು, ಈಗ ಊರಲ್ಲೇ ಇದ್ದುಕೊಂಡು ಮತ್ತೆ ಶುರು ಮಾಡಬೇಕು ಅಂತ ಯೋಚನೆ ಮಾಡುತ್ತಿರುವವರು ನನಗೆ ಗೊತ್ತಿರುವವರಲ್ಲೇ ಸುಮಾರು ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬಿ.ಕಾಂ. ಮುಗಿಸಿ ಶಿವಮೊಗ್ಗದಲ್ಲಿ ಒಬ್ಬರು ಆಡಿಟರ್ ಹತ್ತಿರ ಕೆಲಸದಲ್ಲಿದ್ದವಳು ನಾನು. 2016ರಲ್ಲಿ, ಮಗಳು ಹೊಟ್ಟೆಯಲ್ಲಿದ್ದಾಗ ಬಿಟ್ಟೆ. ಆಗ ಮಾರಾಟದ ಮೇಲೆ ವ್ಯಾಟ್ ಅನ್ನುವ ತೆರಿಗೆ ಇತ್ತು. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ, ಅಂದರೆ ನಾನು ಒಲೆ ಮುಂದೆ ಇದ್ದಾಗ. ಲೆಕ್ಕ ಬರೆಯುವ ಸಾಫ್ಟ್‌ವೇರ್ ನಾನು ಬಿಟ್ಟಾಗ ಟ್ಯಾಲಿ ಇಆರ್‌ಪಿ 9 ಇತ್ತು, ವಾಪಸ್ ಬಂದಾಗ ಟ್ಯಾಲಿಪ್ರೈಮ್. ಮೊದಲ ಎರಡು ತಿಂಗಳು ಮಕ್ಕಳು ಮಲಗಿದ ಮೇಲೆ ಕೂತು ಹೊಸದಾಗಿ ಕಲಿತೆ. ಕಲಿಯುವುದು ಕಷ್ಟ ಆಗಲಿಲ್ಲ. ಲೆಕ್ಕ ಲೆಕ್ಕವೇ, ಕೈಗೆ ಬೇಗ ಬಂತು. ಕಷ್ಟ ಆಗಿದ್ದು ಮನೆಯವರಿಗೆ ಅರ್ಥ ಮಾಡಿಸುವುದು.

ಸೇರಿದ ದಿನವೇ ಎಲ್ಲರನ್ನೂ ಕೂರಿಸಿ, "ಹತ್ತರಿಂದ ಆರೂವರೆವರೆಗೆ ನನ್ನನ್ನು ಕರೆಯಬೇಡಿ" ಅಂತ ಹೇಳಿದ್ದೆ. ಎಲ್ಲರೂ ಆಯ್ತು ಅಂದರು. ಆದರೆ ನಡೆಯಲಿಲ್ಲ. ತಪ್ಪು ಅವರದ್ದಲ್ಲ. ತೋಟದ ಮನೆಯಲ್ಲಿ ಯಾವ ಕೆಲಸವೂ ಗಡಿಯಾರ ನೋಡಿ ನಡೆಯುವುದಿಲ್ಲ, ಅಲ್ವಾ? ಆಳುಗಳು ಬಂದಾಗ ಕಾಫಿ, ಬಿಸಿಲು ಬಂದಾಗ ಅಡಿಕೆ ಹರಡುವುದು, ಮೋಡ ಕಟ್ಟಿದರೆ ಎಲ್ಲರೂ ಓಡುವುದು. ನಮ್ಮ ಅತ್ತೆ ಮೂವತ್ತು ವರ್ಷದಿಂದ ದೋಸೆ ಹಿಟ್ಟು ರುಬ್ಬುವುದು ಬೆಳಿಗ್ಗೆ ಹತ್ತೂವರೆಗೆ. ನಮ್ಮ ಆಫೀಸಿನ ಮೀಟಿಂಗೂ ಹತ್ತೂವರೆಗೇ. ಗ್ರೈಂಡರ್ ಹಾಕಿದ ಕೂಡಲೇ ವೋಲ್ಟೇಜ್ ಇಳಿದು ಇನ್ವರ್ಟರ್ ಟಕ್ ಅಂತ ಬದಲಾಗುತ್ತದೆ, ಆ ಒಂದು ಕ್ಷಣಕ್ಕೆ ರೂಟರ್ ಆಫ್ ಆಗಿ ಮತ್ತೆ ಆನ್ ಆಗಿ ಇಂಟರ್ನೆಟ್ ಬರುವಷ್ಟರಲ್ಲಿ ಮೀಟಿಂಗ್ ಅರ್ಧ ಮುಗಿದಿರುತ್ತಿತ್ತು. ರೂಟರಿಗೆ ಅಂತಲೇ ಒಂದು ಸಣ್ಣ ಯುಪಿಎಸ್ ಸಿಗುತ್ತದೆ, ನಾನು ಸುಮಾರು 1,500 ರೂಪಾಯಿ ಕೊಟ್ಟು ತಗೊಂಡೆ. ಹಳ್ಳಿಯಲ್ಲಿ ಇದ್ದು ಕೆಲಸ ಮಾಡುವವರು ಮೊದಲ ಸಂಬಳಕ್ಕೂ ಮೊದಲೇ ಇದನ್ನು ತಗೊಳ್ಳಿ.

ಎಲ್ಲ ಬದಲಾಗಿದ್ದು ಆ ವರ್ಷದ ಜುಲೈ 20ಕ್ಕೆ. ಮಳೆ ಅಂದರೆ ಮಳೆ. ಶಾಲೆಗೂ ಅಂಗನವಾಡಿಗೂ ರಜೆ, ಎರಡು ಮಕ್ಕಳೂ ಮನೆಯಲ್ಲಿ. ಹಿಂದಿನ ರಾತ್ರಿಯೇ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು, ಮೆಸ್ಕಾಂ ಲೈನ್‌ಮನ್‌ಗಳು ಎಷ್ಟು ಕಡೆ ಅಂತ ಹೋಗುತ್ತಾರೆ ಪಾಪ. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರೂ ಖಾಲಿ. ನನ್ನ ಪಾಲಿಗೆ ಇದ್ದ 26 ಪಾರ್ಟಿಗಳಲ್ಲಿ (ನಾವು ಲೆಕ್ಕ ನೋಡಿಕೊಳ್ಳುವ ವ್ಯಾಪಾರಿಗಳು) ಏಳು ಪಾರ್ಟಿಗಳ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಬಾಕಿ. 20ನೇ ತಾರೀಕು ಕೊನೇ ದಿನ. ನಮ್ಮ ಯಜಮಾನರು ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಟ್ಟು ಜೀಪಿನಲ್ಲಿ ಸಾಗರಕ್ಕೆ ಕರೆದುಕೊಂಡು ಹೋದರು. ಪರಿಚಯದವರ ಅಂಗಡಿಯಲ್ಲಿ ಗೊಬ್ಬರದ ಚೀಲದ ಪಕ್ಕ ಕೂತು ರಾತ್ರಿ ಒಂಬತ್ತಕ್ಕೆ ಮುಗಿಸಿದೆ.

ಮನೆಗೆ ಬಂದಾಗ ಅತ್ತೆ ಬಿಸಿ ನೀರು ಕೊಟ್ಟು, "ನಾಳೆ ಮಾಡಿದ್ರೆ ಆಗ್ತಿರ್ಲಿಲ್ವನೇ ಮಾರಾಯ್ತಿ, ಈ ಮಳೇಲಿ?" ಅಂತ ಕೇಳಿದರು. ಕೋಪದಿಂದಲ್ಲ, ಕಾಳಜಿಯಿಂದ. ನನಗೆ ಏನು ಹೊಳೆಯಿತೋ, "ಏಕಾದಶಿ ನಾಳೆ ಮಾಡ್ತೀನಿ ಅಂದ್ರೆ ಆಗುತ್ತಾ ಅತ್ತೆ? ಇದೂ ಹಂಗೇ. ಇಪ್ಪತ್ತು ಅಂದ್ರೆ ಇಪ್ಪತ್ತು. ತಪ್ಪಿದ್ರೆ ಒಂದೊಂದು ದಿನಕ್ಕೂ ಐವತ್ತು ರೂಪಾಯಿ ದಂಡ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರನೇ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲ ಹಿಂದೆ ನೇತು ಹಾಕಿದ್ದ ಅಡಿಕೆ ಮಂಡಿಯವರ ಕ್ಯಾಲೆಂಡರ್ ತೆಗೆದು ತಂದು, ಮಗಳ ಕೆಂಪು ಸ್ಕೆಚ್ ಪೆನ್ ನನ್ನ ಕೈಗೆ ಕೊಟ್ಟು, "ನಿನ್ನ ತಾರೀಕು ಯಾವ್ಯಾವುದು, ಗುರುತು ಹಾಕು" ಅಂದರು.

ಅವತ್ತು ನನಗೆ ಗೊತ್ತಾಯಿತು. ನಮ್ಮನೆಯಲ್ಲಿ ಗಡಿಯಾರಕ್ಕೆ ಬೆಲೆ ಇಲ್ಲ, ತಾರೀಕಿಗೆ ಇದೆ. ಶ್ರಾದ್ಧದ ತಿಥಿ, ಹಬ್ಬ, ಸೊಸೈಟಿ ಸಾಲದ ಕಂತು, ಹಸುವಿಗೆ ದಿನ ತುಂಬುವುದು ಎಲ್ಲ ಆ ಕ್ಯಾಲೆಂಡರಿನಲ್ಲೇ. ನನ್ನ ಕೆಲಸವೂ ಅಲ್ಲಿಗೇ ಹೋಗಬೇಕಿತ್ತು. ತಿಂಗಳಿಗೆ ನಾಲ್ಕು ಸುತ್ತು ಹಾಕಿದೆ. 7 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟುವ ದಿನ. 11 ಜಿಎಸ್‌ಟಿಆರ್-1, ಪಾರ್ಟಿಗಳು ಮಾರಿದ್ದರ ಲೆಕ್ಕ. 14ಕ್ಕೆ 2ಬಿ, ಅಂದರೆ ಪಾರ್ಟಿಗಳಿಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತದೆ, ಅದನ್ನಿಟ್ಟುಕೊಂಡು ಖರೀದಿ ಬಿಲ್ಲುಗಳಿಗೆ ತಾಳೆ ನೋಡಬೇಕು. 20 ಅಂದರೆ 3ಬಿ, ತೆರಿಗೆ ಕಟ್ಟುವುದು.

ಹೀಗೆ ಬರೆದ ಮೇಲೆ ನನಗೂ ತಿಂಗಳ ಏರಿಳಿತ ಕಣ್ಣಿಗೆ ಕಂಡಿತು. ಒಂಬತ್ತರಿಂದ ಹನ್ನೊಂದು, ಹದಿನೇಳರಿಂದ ಇಪ್ಪತ್ತು, ಈ ಏಳು ದಿನ ಉಸಿರಾಡಲು ಪುರುಸೊತ್ತಿಲ್ಲ. ಇಪ್ಪತ್ತೊಂದರಿಂದ ತಿಂಗಳ ಕೊನೆವರೆಗೆ ಬಿಲ್ ಎಂಟ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಷ್ಟೇನೂ ಒತ್ತಡ ಇಲ್ಲ. ಹಾಗಾಗಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಾವನ ಕಣ್ಣಿನ ಡಾಕ್ಟರು, ನನ್ನ ತವರಿಗೆ ಹೋಗುವುದು ಎಲ್ಲ ಇಪ್ಪತ್ತರ ನಂತರಕ್ಕೆ ಹಾಕಿದೆವು. ಆ ಏಳು ದಿನ ಮಧ್ಯಾಹ್ನಕ್ಕೆ ಅನ್ನ, ಒಂದು ತಂಬುಳಿ, ಹುರಿದ ಹಪ್ಪಳ. ಅದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಗ್ರೈಂಡರ್ ಮಾತ್ರ ದಿನವೂ ಸಂಜೆ ಏಳಕ್ಕೆ ಹೋಯಿತು. ಅದನ್ನು ಅತ್ತೆ ತಾವಾಗಿಯೇ ಬದಲಾಯಿಸಿದರು.

ಮಕ್ಕಳ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. "ಮನೆಯಲ್ಲೇ ಇರ್ತೀಯಲ್ಲ, ಮಗು ನೋಡ್ಕೊಂಡು ಮಾಡಬಹುದು" ಅಂತ ಹೇಳುವವರು ಬಹಳ ಜನ. ಅದು ಸುಳ್ಳು. ಮೂರು ವರ್ಷದ ಮಗುವನ್ನು ನೋಡಿಕೊಳ್ಳುವುದೇ ಒಂದು ಪೂರ್ತಿ ಕೆಲಸ, ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂ ಕೆಡುತ್ತದೆ. ಮಗನನ್ನು ಅಂಗನವಾಡಿಗೆ ಹಾಕಿದೆವು. ಬೆಳಿಗ್ಗೆ ಬಿಡುವುದು ಇವರು, ಕರೆದುಕೊಂಡು ಬರುವುದು ಮಾವ. ಸಂಜೆ ನಾಲ್ಕಕ್ಕೆ ಬಂದವನು ನೇರ ಮಹಡಿ ಹತ್ತಿ ನನ್ನ ಕೋಣೆಗೇ ಬರುತ್ತಿದ್ದ. ಮೊದಮೊದಲು "ಐದು ನಿಮಿಷ ತಡಿ ಪುಟ್ಟಾ" ಅನ್ನುತ್ತಿದ್ದೆ. ಆ ಐದು ನಿಮಿಷ ಯಾವತ್ತೂ ಮುಗಿಯುತ್ತಿರಲಿಲ್ಲ, ಅವನ ಅಳುವೂ ನಿಲ್ಲುತ್ತಿರಲಿಲ್ಲ. ಆಮೇಲೆ ಆಫೀಸಿನಲ್ಲಿ ನನ್ನ ಮೇಲಿನವರಿಗೆ ನೇರವಾಗಿ ಕೇಳಿದೆ. ಊಟಕ್ಕೆ ಒಂದು ಗಂಟೆ ಬೇಡ, ಅರ್ಧ ಗಂಟೆ ಸಾಕು, ಇನ್ನರ್ಧ ಗಂಟೆ ನಾಲ್ಕಕ್ಕೆ ಕೊಡಿ ಮೇಡಂ ಅಂತ. ಒಂದೇ ಮಾತಿಗೆ ಒಪ್ಪಿದರು. ಕೇಳಲು ನಾನು ಎರಡು ತಿಂಗಳು ಹಿಂಜರಿದಿದ್ದೆ. ದಯವಿಟ್ಟು ಬೇಗ ಕೇಳಿ.

ಆ ಅರ್ಧ ಗಂಟೆ ಫೋನ್ ಮಹಡಿಯಲ್ಲಿ, ನಾನು ಕೆಳಗೆ. ಜಗಲಿಯಲ್ಲಿ ಕೂತರೆ ಅವನು ಚೀಲದಿಂದ ಒಂದೊಂದೇ ಸಾಮಾನು ತೆಗೆದು ಸಾಲಾಗಿ ಇಡುತ್ತಾನೆ. ಒಂದು ಕಲ್ಲು, ಒಣಗಿದ ಎಲೆ, ಯಾರದೋ ಮುರಿದ ಬಳಪ. ಪ್ರತಿಯೊಂದಕ್ಕೂ ಒಂದು ಕಥೆ. ನಾನು ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಉಳಿದಿದ್ದು ಅವನಿಗೆ. ನನ್ನ ಮೇಜಿನ ಮೇಲೆ ಈಗ ಒಂದು ಡಬ್ಬಿ ತುಂಬ ಅವನು ಕೊಟ್ಟ ಕಲ್ಲುಗಳಿವೆ. ನಾಲ್ಕೂವರೆಗೆ ನಾನು ಎದ್ದರೆ ಈಗ ಅಳುವುದಿಲ್ಲ, ಅಜ್ಜನ ಜೊತೆ ಕೊಟ್ಟಿಗೆಗೆ ಹೋಗುತ್ತಾನೆ.

ಇಷ್ಟೆಲ್ಲ ಆಗಿಯೂ ಡಿಸೆಂಬರಿನಲ್ಲಿ ಎಡವಿದೆ. ಅದು ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕಾಲ. ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಕ್ಕಿದಾಗ ಕೊಯ್ಯಿಸಬೇಕು, ಈಗ ಮರ ಹತ್ತುವವರೇ ಕಡಿಮೆ, ನಮ್ಮ ತಾರೀಕು ಕೇಳುವವರು ಯಾರು? 17ರಿಂದ ಶುರುವಾಯಿತು. ರಾತ್ರಿ ಅಂಗಳದಲ್ಲಿ ಹದಿನಾಲ್ಕು ಜನ ಅಡಿಕೆ ಸುಲಿಯಲು ಕೂರುತ್ತಿದ್ದರು, ಅವರಿಗೆ ಎರಡು ಸಲ ಚಹಾ, ಅವಲಕ್ಕಿ. 20ರ ರಾತ್ರಿ ಒಂದೇ ಒಂದು ಪಾರ್ಟಿಯ 3ಬಿ ಬಾಕಿ ಇತ್ತು. ರಿಟರ್ನ್ ಸಲ್ಲಿಸಲು ಬೇಕಾದ ಓಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ, ಅವರು ಯಾವುದೋ ಮದುವೆಯಲ್ಲಿ. ಸಂಜೆಯಿಂದ ಫೋನ್ ಮಾಡಿ ಮಾಡಿ ಸಾಕಾಗಿ ಚಹಾ ಕೊಡಲು ಕೆಳಗೆ ಬಂದೆ. ಅದೇ ಹೊತ್ತಿಗೆ ಅವರು ಮೂರು ಸಲ ವಾಪಸ್ ಮಾಡಿದ್ದಾರೆ. ನಾನು ನೋಡಿದಾಗ ಹನ್ನೆರಡೂಕಾಲು.

ಇವರು "ಹೋಗ್ಲಿ ಬಿಡು, ಐವತ್ತು ರೂಪಾಯಿ ತಾನೆ" ಅಂದರು. ನನಗೆ ಅಳು ಬಂತು. ಐವತ್ತು ರೂಪಾಯಿಯ ಮಾತಲ್ಲ ಅದು. ಎಂಟು ವರ್ಷದ ಮೇಲೆ ನಂಬಿ ಕೆಲಸ ಕೊಟ್ಟಿದ್ದಾರೆ, ಆ ನಂಬಿಕೆಯ ಮಾತು. ಆಫೀಸಿಗೆ ಅವತ್ತು ರಾತ್ರಿಯೇ ಮೆಸೇಜ್ ಹಾಕಿದೆ, ಏನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಎದ್ದು ಇವರೊಂದಿಗೆ ಕೂತು ಮಾತಾಡಿದೆ. ಹನ್ನೊಂದು ಮತ್ತು ಇಪ್ಪತ್ತರ ಆಸುಪಾಸು ಚಹಾ ಇವರದ್ದು. ಕೊಯ್ಲಿನ ದಿನಗಳಿಗೆ ಅಡುಗೆಗೆ ಪಕ್ಕದ ಊರಿನ ಒಬ್ಬರನ್ನು ಕರೆಯುವುದು, ಅವರ ಕೂಲಿ ನನ್ನ ಸಂಬಳದಿಂದ. ಪಾರ್ಟಿಗಳಿಗೂ ನನ್ನ ಕೊನೇ ದಿನ 18 ಅಂತಲೇ ಹೇಳಿಬಿಟ್ಟೆ, ಓಟಿಪಿ ಹಗಲು ಹೊತ್ತಿನಲ್ಲೇ ತಗೊಳ್ಳುತ್ತೇನೆ.

ಆದರೆ ಸುಲಿಯುವುದರಿಂದ ನನ್ನನ್ನು ಪೂರ್ತಿ ಬಿಡಿಸಬೇಡಿ ಅಂತಲೂ ಹೇಳಿದೆ. ಮೆಟ್ಟುಗತ್ತಿ ಮುಂದೆ ಕೂತು, ಕೈ ತನ್ನ ಪಾಡಿಗೆ ಸುಲಿಯುತ್ತಾ, ಊರ ಹೆಂಗಸರ ಮಾತು ಕೇಳುತ್ತಾ, ಮಗಳು ಪಕ್ಕದಲ್ಲಿ ಸಿಪ್ಪೆ ರಾಶಿ ಹಾಕುತ್ತಾ ಇರುವ ಆ ರಾತ್ರಿಗಳು ನನಗೆ ಬೇಕು. 21ರಿಂದ ನಾನೂ ಅಂಗಳದಲ್ಲೇ ಇದ್ದೆ.

2025ರ ಸೆಪ್ಟೆಂಬರಿನಲ್ಲಿ ಒಂದು ದಿನ ಅತ್ತೆ ಕ್ಯಾಲೆಂಡರ್ ಹಾಳೆ ಮಗುಚಿ ನೋಡಿ, "ಈ ಸಲ ನರಕ ಚತುರ್ದಶಿ ದಿನವೇ ನಿನ್ನ ಇಪ್ಪತ್ತು ಬಂದಿದೆಯಲ್ಲೇ" ಅಂತ ಕೂಗಿ ಹೇಳಿದರು. ನಾನು ನೋಡಿಯೇ ಇರಲಿಲ್ಲ. ಪಾರ್ಟಿಗಳಿಗೆಲ್ಲ ತಿಂಗಳ ಮೊದಲೇ ಹೇಳಿ, ಅಕ್ಟೋಬರ್ 17ರೊಳಗೆ 23 ರಿಟರ್ನ್ ಮುಗಿಸಿದೆ. ಹಬ್ಬ ಇನ್ನೇನು ಬಂತು ಅನ್ನುವಾಗ ಸರ್ಕಾರ ಕೊನೇ ದಿನವನ್ನು 25ಕ್ಕೆ ಮುಂದೂಡಿತು. ಉಳಿದ ಮೂರನ್ನು ಗೋಪೂಜೆ ಕಳೆದ ಮೇಲೆ ಮಾಡಿದೆ. 20ರ ಬೆಳಗಿನ ಜಾವ ಲ್ಯಾಪ್‌ಟಾಪ್ ಮಹಡಿಯಲ್ಲಿ ಮುಚ್ಚಿತ್ತು. ನಾನು ಬಚ್ಚಲಲ್ಲಿ ಹಂಡೆ ಒಲೆಗೆ ಬೆಂಕಿ ಹಾಕಿ, ಇಬ್ಬರು ಮಕ್ಕಳ ತಲೆಗೂ ಎಣ್ಣೆ ಹಚ್ಚುತ್ತಿದ್ದೆ.

ಈ ವರ್ಷದ ಕೊಯ್ಲಿಗೆ ಮಾವ ಕೊನೆಗೌಡನ ಹತ್ತಿರ ಮೊದಲೇ ಮಾತಾಡಿದ್ದಾರೆ. "ನಮ್ಮ ಸೊಸೆಯ ಇಪ್ಪತ್ತು ಕಳೀಲಿ, ಆಮೇಲೆ ಬಾ" ಅಂದರಂತೆ. 22ಕ್ಕೆ ಬರುತ್ತೇನೆ ಅಂದಿದ್ದಾನೆ. ಅಡುಗೆಯವರಿಗೂ ಹೇಳಿಯಾಗಿದೆ.